ಮಣ್ಣು ತೆಗೆಸಿದ ಮೇಲೂ ಬೋರ್ ನೀರಿನ ಪರೀಕ್ಷೆ ಏಕೆ?

ಪ್ರಶ್ನೆ: ನಮ್ಮ ಸೊಸೈಟಿಯ ಪಕ್ಕದ ಪೆಟ್ರೋಲ್ ಪಂಪಿನಲ್ಲಿ ನೆಲದಡಿಯ ಟ್ಯಾಂಕ್ ಸೋರಿತ್ತು. ಟ್ಯಾಂಕನ್ನೂ ಕೆಟ್ಟ ಮಣ್ಣನ್ನೂ ತೆಗೆಸಿ ಆಗಿದೆ. ನಮ್ಮ ಬೋರ್ ನೀರಿಗೆ ಈಗ ಯಾವ ವಾಸನೆಯೂ ಇಲ್ಲ. ಆದರೂ ಪರೀಕ್ಷೆ ಮಾಡಿಸುತ್ತಲೇ ಇರಬೇಕೆ?

ಇರಬೇಕು. ಪುಣೆಯ ಓದುಗರಿಗೆ ಈ ಉತ್ತರವನ್ನು ಹಲವು ಬಾರಿ ಕೊಟ್ಟಿದ್ದೇನೆ; ಈ ಸಲ ಕಾರಣಗಳನ್ನು ಬಿಡಿಸಿಯೇ ಬರೆಯುತ್ತೇನೆ.

ಜೆಸಿಬಿ ಮಣ್ಣನ್ನೂ ಮುರುಮನ್ನೂ (ಶಿಥಿಲಗೊಂಡ ಕಲ್ಲುಮಣ್ಣು) ಎತ್ತಬಲ್ಲದು, ಅದರ ಕೆಳಗಿನ ಕರಿಕಲ್ಲಿನ ಬಿರುಕುಗಳನ್ನು ತೊಳೆಯಲಾರದು. ಪೆಟ್ರೋಲ್ ನೀರಿಗಿಂತ ಹಗುರವಾದ್ದರಿಂದ ಅಂತರ್ಜಲದ ಮೇಲೆ ತೇಲುತ್ತದೆ. ಬೇಸಿಗೆಯಲ್ಲಿ ನೀರಿನ ಮಟ್ಟ ಇಳಿದಂತೆ ಅದೂ ಇಳಿದು, ದಾರಿಯುದ್ದಕ್ಕೂ ಬಿರುಕುಗಳಿಗೆ ಅಂಟಿಕೊಳ್ಳುತ್ತದೆ. ಮಳೆಗಾಲದಲ್ಲಿ ನೀರು ಏರಿ ಆ ಜಿಡ್ಡನ್ನು ಮುಟ್ಟಿತೆಂದರೆ ಪೆಟ್ರೋಲಿನಲ್ಲಿರುವ ಬೆಂಜೀನ್ ಎಂಬ ರಾಸಾಯನಿಕ ನೀರಿನಲ್ಲಿ ಮತ್ತೆ ಕರಗತೊಡಗುತ್ತದೆ. ಆದ್ದರಿಂದ ಮೇ ತಿಂಗಳಲ್ಲಿ ಶುದ್ಧವೆಂದು ಬಂದ ವರದಿಯನ್ನು ನಂಬಿ ಆಗಸ್ಟ್‌ನಲ್ಲಿ ಆ ನೀರನ್ನು ಕುಡಿಯುವಂತಿಲ್ಲ. ನೀರು ಅತಿ ಕೆಳಗಿದ್ದಾಗ, ಅತಿ ಮೇಲಿದ್ದಾಗ, ಎರಡೂ ಹೊತ್ತಿನಲ್ಲಿ ನೋಡಬೇಕು. ಜೊತೆಗೆ ಅಂತರ್ಜಲದ ಹರಿವಿನಲ್ಲಿ ಪೆಟ್ರೋಲ್ ಪಂಪಿನ ಮೇಲ್ಭಾಗದ ಒಂದು ಬಾವಿಯನ್ನೂ ಕೆಳಭಾಗದ ಬಾವಿಗಳನ್ನೂ ಹೋಲಿಸಬೇಕು. ನೆರೆಯ ಬೋರ್‌ನಿಂದ ದಿನವಿಡೀ ಟ್ಯಾಂಕರ್ ತುಂಬಿಸುತ್ತಿದ್ದರೆ ಹರಿವಿನ ದಿಕ್ಕೇ ಅತ್ತ ತಿರುಗುತ್ತದೆ ಎಂಬುದನ್ನೂ ಮರೆಯಬಾರದು.

ಈಗ ವಾಸನೆಯ ಮಾತು. ವಾಸನೆ ಇಲ್ಲದಿದ್ದರೆ ನೀರು ಶುದ್ಧ ಎಂಬ ನಂಬಿಕೆ ಎಷ್ಟು ಬಾರಿ ಅಲ್ಲಗಳೆದರೂ ಹೋಗುತ್ತಿಲ್ಲ. ವಾಸನೆ ಬಂದರೆ ನೀರು ಕೆಟ್ಟಿದೆ ಎನ್ನುವುದು ಸರಿ. ಬರದಿದ್ದರೆ ಕೆಟ್ಟಿಲ್ಲ ಎನ್ನುವುದು ಪೂರ್ತಿ ತಪ್ಪು. ಬೆಂಜೀನ್ ಕ್ಯಾನ್ಸರ್‌ಕಾರಕವೆಂದು ಸಾಬೀತಾಗಿರುವ ವಸ್ತು. ಕುಡಿಯುವ ನೀರಿನಲ್ಲಿ ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ಅಮೆರಿಕದ ಮಿತಿ 5 ಮೈಕ್ರೋಗ್ರಾಂ. ಮನುಷ್ಯರ ಮೂಗಿಗೆ ಅದು ತಿಳಿಯಬೇಕಾದರೆ ಲೀಟರಿಗೆ ಮಿಲಿಗ್ರಾಂಗಳ ಲೆಕ್ಕದಲ್ಲಿ, ಅಂದರೆ ಈ ಮಿತಿಯ ನೂರಾರು ಪಟ್ಟು ಇರಬೇಕು. ಅಷ್ಟರವರೆಗೆ ಮೂಗು ಏನನ್ನೂ ಹೇಳುವುದಿಲ್ಲ. ಇದರ ಮೇಲೆ, ಬೋರ್ ನೀರು ಮಾಳಿಗೆಯ ಟ್ಯಾಂಕಿಗೆ ಧುಮುಕಿ ಬೀಳುವಾಗ ಆವಿಯಾಗುವ ಅಂಶದಲ್ಲಿ ಒಂದು ಪಾಲು ಗಾಳಿಗೆ ಹೋಗಿರುತ್ತದೆ; ಅಡುಗೆಮನೆಯ ನಲ್ಲಿಯಲ್ಲಿ ಮೂಸಿ ನೋಡಿ ನೆಲದಡಿಯ ಸ್ಥಿತಿಯನ್ನು ತೀರ್ಮಾನಿಸುವುದು ಹೇಗೆ?

ಮಾದರಿಯನ್ನು ಬೋರ್‌ನ ಬಾಯಿಯಲ್ಲೇ ತೆಗೆಯಬೇಕೆನ್ನುವುದು ಇದಕ್ಕಾಗಿಯೇ. ಖಾಲಿಯಾದ ಮಿನರಲ್ ವಾಟರ್ ಬಾಟಲಿ ಇದಕ್ಕೆ ಆಗದು. 40 ಮಿಲಿಲೀಟರಿನ ಗಾಜಿನ ಶೀಶೆಯನ್ನು, ನೀರು ಅದರ ಅಂಚಿನ ಮೇಲೆ ಉಬ್ಬಿ ನಿಲ್ಲುವಷ್ಟು ನಿಧಾನವಾಗಿ ತುಂಬಿಸಿ, ಮುಚ್ಚಳ ಬಿಗಿದು, ತಲೆಕೆಳಗು ಮಾಡಿ ಬೆರಳಿನಿಂದ ತಟ್ಟಬೇಕು. ಒಂದು ಗುಳ್ಳೆ ಮೇಲೇರಿದರೂ ಮತ್ತೆ ಮೊದಲಿನಿಂದ ತೆಗೆಯಬೇಕು, ಏಕೆಂದರೆ ಬೆಂಜೀನ್ ಆ ಗುಳ್ಳೆಯೊಳಗೆ ಸೇರಿಕೊಂಡು ವರದಿಯಲ್ಲಿ ಕಡಿಮೆ ಕಾಣಿಸುತ್ತದೆ. ಆಮೇಲೆ ಶೀಶೆ ಐಸ್ ಪೆಟ್ಟಿಗೆಯಲ್ಲೇ ಪ್ರಯೋಗಾಲಯಕ್ಕೆ ಹೋಗಬೇಕು. ಗಡಸುತನ, ನೈಟ್ರೇಟ್, ಕೋಲಿಫಾರ್ಮ್ ಬ್ಯಾಕ್ಟೀರಿಯಾ ನೋಡುವ ಮಾಮೂಲಿ ಪರೀಕ್ಷೆಯಲ್ಲಿ ಬೆಂಜೀನ್ ಸೇರಿರುವುದಿಲ್ಲ; ಅದನ್ನು ಹೆಸರಿಸಿ ಕೇಳಬೇಕು.

ಯಾರೂ ನೇರವಾಗಿ ಕೇಳದ ಇನ್ನೊಂದು ವಿಷಯವಿದೆ. ಸೊಸೈಟಿಗಳಲ್ಲಿ ಟಿಡಿಎಸ್ ಮೀಟರ್ ಅದ್ದಿ, ಅಂಕಿ ಕಡಿಮೆ ಬಂತೆಂದು ಸಮಾಧಾನಪಡುವವರಿದ್ದಾರೆ. ಆ ಮೀಟರ್ ಅಳೆಯುವುದು ನೀರಿನಲ್ಲಿ ವಿದ್ಯುತ್ ಹರಿಯಲು ಬಿಡುವ ಲವಣಗಳನ್ನು. ಬೆಂಜೀನ್‌ಗೆ ವಿದ್ಯುದಾವೇಶವಿಲ್ಲ, ಆದ್ದರಿಂದ ಅದು ಎಷ್ಟಿದ್ದರೂ ಅಂಕಿ ಬದಲಾಗದು. ಕುದಿಸಿದರೆ ಸಾಕೆನ್ನುವವರಿಗೂ ಒಂದು ಮಾತು: ಬೆಂಜೀನ್ ಸುಮಾರು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ನೀರನ್ನು ಬಿಟ್ಟು ಅಡುಗೆಮನೆಯ ಗಾಳಿಗೆ ಸೇರುತ್ತದೆ. ಬಿಸಿನೀರಿನ ಸ್ನಾನಕ್ಕೂ ಇದು ಅನ್ವಯಿಸುತ್ತದೆ. ವರದಿ ಮಿತಿ ಮೀರಿ ಬಂದರೆ ಆ ಬೋರ್ ನೀರನ್ನು ಕುಡಿಯಲು, ಅಡುಗೆಗೆ ಮಾತ್ರವಲ್ಲ, ಬಾಗಿಲು ಮುಚ್ಚಿದ ಬಚ್ಚಲಲ್ಲಿ ಗೀಸರ್‌ಗೂ ಬಿಡಬಾರದು.