‘ನೈತಿಕ ಗಾಯ’ವೇ ಬೇರೆ, ‘ನೈತಿಕ ಸ್ಥೈರ್ಯ’ವೇ ಬೇರೆ

ಯುದ್ಧದಿಂದ ಮರಳಿದ ಸೈನಿಕರ ವರದಿಗಳಲ್ಲಿ ‘ಮಾರಲ್ ಇಂಜುರಿ’ಯನ್ನು ‘ನೈತಿಕ ಸ್ಥೈರ್ಯಕ್ಕೆ ಧಕ್ಕೆ’ ಎಂದು ಬರೆಯುವುದು ಇನ್ನಾದರೂ ನಿಲ್ಲಬೇಕು. ನೈತಿಕ ಸ್ಥೈರ್ಯವೆಂದರೆ ಮೊರೇಲ್, ಕಾದಾಡುವ ಹುಮ್ಮಸ್ಸು. ಗೆದ್ದರೆ ಏರುತ್ತದೆ, ಸೋತರೆ ಇಳಿಯುತ್ತದೆ. ನೈತಿಕ ಗಾಯ, ಅಂದರೆ ಮಾರಲ್ ಇಂಜುರಿ, ಸರಿ-ತಪ್ಪಿನ ನಂಬಿಕೆಯೇ ಮುರಿದಾಗ ಮನಸ್ಸಿಗೆ ಬೀಳುವ ಪೆಟ್ಟು. ಅದು ಗೆದ್ದವನಿಗೂ ಆಗುತ್ತದೆ, ಪದಕ ತೊಟ್ಟವನಿಗೂ ಆಗುತ್ತದೆ.

‘ಗಾಯ’ ಇಲ್ಲಿ ಒಪ್ಪುವ ಪದವೇ. ಸಂಸ್ಕೃತದ ‘ಘಾತ’ ಪ್ರಾಕೃತದಲ್ಲಿ ಸವೆದು ನಮಗೆ ‘ಗಾಯ’ವಾಗಿ ಬಂತು. ಘಾತದ ಧಾತು ‘ಹನ್’: ಹೊಡೆ, ಕೊಲ್ಲು. ಹತ್ಯೆ, ಹನನ, ಆಘಾತ ಎಲ್ಲ ಅದೇ ಬಳ್ಳಿಯವು. ಇಂಗ್ಲಿಷಿನ ‘ಇಂಜುರಿ’ಯ ಹಿಂದಿರುವ ಲ್ಯಾಟಿನ್ ಪದಕ್ಕಂತೂ ಮೂಲ ಅರ್ಥವೇ ಅನ್ಯಾಯ, ಮೈಗೆ ಬಿದ್ದ ಪೆಟ್ಟು ಎಂಬುದು ಆಮೇಲಿನ ಅರ್ಥ.

‘ಮಾರಲ್ ಇಂಜುರಿ’ ಎಂಬ ಪದವನ್ನು ಬಳಕೆಗೆ ತಂದವರು ವಿಯೆಟ್ನಾಂ ಯುದ್ಧದ ಮಾಜಿ ಸೈನಿಕರಿಗೆ ಚಿಕಿತ್ಸೆ ಕೊಡುತ್ತಿದ್ದ ಅಮೆರಿಕದ ಮನೋವೈದ್ಯ ಜೊನಾಥನ್ ಶೇ. ಅವರ ಒತ್ತು ಮೇಲಧಿಕಾರಿಯ ದ್ರೋಹದ ಮೇಲೆ. 2009ರಲ್ಲಿ ಅಮೆರಿಕದ ಮನೋವಿಜ್ಞಾನಿ ಬ್ರೆಟ್ ಲಿಟ್ಜ್ ಮತ್ತು ಸಂಗಡಿಗರು ಅರ್ಥವನ್ನು ಹಿಗ್ಗಿಸಿದರು: ತಾನೇ ಮಾಡಿದ್ದು, ತಡೆಯಲಾಗದ್ದು, ಕಣ್ಣಾರೆ ಕಂಡದ್ದು ಎಲ್ಲವೂ ಸೇರಿತು.

ಉದಾಹರಣೆಗೆ ಎಲ್ಲರೂ ಅರ್ಜುನನ ವಿಷಾದವನ್ನೇ ತರುತ್ತಾರೆ. ಅದು ಬಾಣ ಬಿಡುವ ಮೊದಲಿನ ಅಳುಕು. ಬೇಕಾದವನು ಧರ್ಮರಾಯ. ಕರ್ಣ ಅಣ್ಣನೆಂದು ಯುದ್ಧ ಮುಗಿದ ಮೇಲೆ ತಿಳಿದವನು, ರಾಜ್ಯವೇ ಬೇಡವೆಂದವನು. ತಮ್ಮಂದಿರು, ದ್ರೌಪದಿ, ವ್ಯಾಸ ಒಬ್ಬರಾದ ಮೇಲೊಬ್ಬರು ‘ಕ್ಷತ್ರಿಯನ ಕೆಲಸ ಮಾಡಿದ್ದೀಯ’ ಎಂದರೂ ಅವನ ಎದೆ ಹಗುರಾಗಲಿಲ್ಲ.

1980ರಲ್ಲಿ ಅಮೆರಿಕದ ರೋಗಪಟ್ಟಿ ಸೇರಿದ ಪಿಟಿಎಸ್‌ಡಿಯನ್ನೂ (ಭಾರೀ ಆಘಾತದ ನಂತರ ಕಾಡುವ ಮಾನಸಿಕ ತೊಂದರೆ) ನೈತಿಕ ಗಾಯವನ್ನೂ ಒಂದೇ ಎನ್ನುವುದು ಇನ್ನೊಂದು ತಪ್ಪು. ಎರಡೂ ಒಬ್ಬನಲ್ಲೇ ಇರಬಹುದು, ಆದರೆ ಪಿಟಿಎಸ್‌ಡಿಯಲ್ಲಿ ಪ್ರಾಣಭಯ ಮುಂದಿದ್ದರೆ ಇಲ್ಲಿ ಪಾಪಪ್ರಜ್ಞೆ, ನಾಚಿಕೆ. ‘ನನಗೇನಾಗುತ್ತದೋ’ ಎಂಬುದು ಭಯ. ‘ನಾನು ಎಂಥವನಾದೆ’ ಎಂಬುದು ಈ ಗಾಯ. ಹೆದರಿಸುವ ನೆನಪನ್ನು ಮತ್ತೆ ಮತ್ತೆ ಹೇಳಿಸಿದರೆ ಭಯ ಕರಗುತ್ತದೆ. ಕೊಂದ ಮುಖದ ನೆನಪನ್ನು ಬರೀ ಹಾಗೆ ಹೇಳಿಸಿದರೆ ಅಪರಾಧಿ ಭಾವ ಗಟ್ಟಿಯಾಗಲೂಬಹುದು. ‘ನಿನ್ನ ತಪ್ಪಿಲ್ಲ, ಆಜ್ಞೆಯಿತ್ತು’ ಎಂಬ ಸಮಾಧಾನ ಇನ್ನೂ ಕೆಟ್ಟದ್ದು: ತಾನು ಮಾಡಿದ್ದನ್ನು ಕೇಳುವವರೇ ಇಲ್ಲವೆಂದು ಅವನು ಬಾಯಿ ಮುಚ್ಚುತ್ತಾನೆ. ಅದಕ್ಕೇ ಈಗಿನ ಕೆಲವು ಚಿಕಿತ್ಸೆಗಳಲ್ಲಿ ಮೊದಲು ನಡೆದದ್ದನ್ನು ಪೂರ್ತಿ ಹೇಳಿಸುತ್ತಾರೆ. ಆಮೇಲೆ ತಾನು ಗೌರವಿಸುವ ಹಿರಿಯರೊಬ್ಬರು ಎದುರು ಕೂತಿದ್ದಾರೆಂದು ಭಾವಿಸಿ ಮಾತಾಡಿಸುತ್ತಾರೆ, ಇಲ್ಲವೇ ಸತ್ತವನೊಂದಿಗೇ ಮಾತಾಡಿಸುತ್ತಾರೆ, ಕ್ಷಮೆಯ ಪತ್ರ ಬರೆಸುತ್ತಾರೆ.