ಮರದ ಕ್ಲಾರಿನೆಟ್ ತಗೋಬೇಕು, ದುಡ್ಡು ಜಾಸ್ತಿ ಇಲ್ಲ. ಏನು ಮಾಡಲಿ?

ಪ್ರಶ್ನೆ: ನಾಲ್ಕು ವರ್ಷದಿಂದ ಪ್ಲಾಸ್ಟಿಕ್ ಕ್ಲಾರಿನೆಟ್ ನುಡಿಸುತ್ತಿದ್ದೇನೆ. ಇನ್ನು ಮರದ್ದು ತಗೋ ಅಂತ ಮೇಷ್ಟ್ರು ಹೇಳುತ್ತಿದ್ದಾರೆ. ಒಳ್ಳೆ ಕಂಪನಿಯ ಹೊಸದು ಕೈಗೆ ಎಟುಕುವ ಹಾಗಿಲ್ಲ. ಹೆಸರೇ ಕೇಳಿರದ ಕಂಪನಿಗಳ ಹೊಸ ಮರದ ಕ್ಲಾರಿನೆಟ್‌ಗಳು ಮಾತ್ರ ಅಗ್ಗಕ್ಕೆ ಸಿಗುತ್ತಿವೆ. ಅದರಲ್ಲೊಂದು ತಗೊಳ್ಳಲಾ, ಇಲ್ಲಾ ಹಳೆಯದನ್ನು ಹುಡುಕಲಾ?

ಹಳೆಯದನ್ನೇ ಹುಡುಕಿ. ಆದರೆ ಅದಕ್ಕೂ ಮುಂಚೆ ಒಂದು ಮಾತು. ನೀವು ಕೇಳಿದ್ದು ಮರದ ಬಗ್ಗೆ, ನಿಮಗೆ ಬೇಕಾಗಿರೋದು ಮಾತ್ರ ಮರ ಅಲ್ಲ.

ಕ್ಲಾರಿನೆಟ್‌ನಲ್ಲಿ ಸದ್ದು ಮಾಡೋದು ಒಳಗಿರುವ ಗಾಳಿ. ಬಾಯಿಗಿಡುವ ಮೌತ್‌ಪೀಸ್‌ಗೆ ಕಟ್ಟಿದ ತೆಳ್ಳನೆಯ ಪಟ್ಟಿ, ಅಂದರೆ ರೀಡ್, ನಡುಗುತ್ತದೆ, ಕೊಳವೆಯೊಳಗಿನ ಗಾಳಿ ಅದರ ಜೊತೆ ನಡುಗುತ್ತದೆ, ಗೋಡೆ ಸುಮ್ನೆ ನಿಂತಿರುತ್ತದೆ. ಜಾನ್ ಬ್ಯಾಕಸ್ ಅನ್ನುವ ಭೌತವಿಜ್ಞಾನಿ 1964ರಲ್ಲೇ ಇದನ್ನು ಅಳೆದು ನೋಡಿ, ಗೋಡೆ ಯಾವುದರದ್ದು ಅನ್ನೋದರಿಂದ ನಾದಕ್ಕೆ ಹೇಳಿಕೊಳ್ಳುವಂಥ ವ್ಯತ್ಯಾಸ ಬರೋದಿಲ್ಲ ಅಂತ ಬರೆದರು. ನುಡಿಸುವವರು ಮಾತ್ರ ಇವತ್ತಿಗೂ ಇದನ್ನು ಒಪ್ಪುವುದಿಲ್ಲ, ಜಗಳ ನಡೆಯುತ್ತಲೇ ಇದೆ. ಹಾಗಾದರೆ ಮರದ್ದು ಚೆನ್ನಾಗಿ ಕೇಳಿಸೋದು ಸುಳ್ಳಾ? ಸುಳ್ಳಲ್ಲ. ಕಂಪನಿಗಳು ಹೆಚ್ಚು ಕೆಲಸ ಹಾಕೋದೇ ಮರದ ವಾದ್ಯಕ್ಕೆ. ಬೋರ್, ಅಂದರೆ ಒಳಗಿನ ಕೊಳವೆ, ಅದರಲ್ಲಿ ಜಾಗ್ರತೆಯಿಂದ ಕೊರೆದಿರುತ್ತಾರೆ, ಬೆರಳಿಡುವ ತೂತುಗಳ ಒಳ ಅಂಚನ್ನು ಒಂದೊಂದಾಗಿ ಸವರಿ ಶ್ರುತಿ ಸರಿಮಾಡಿರುತ್ತಾರೆ, ಕೀಗಳ ಲೋಹ ಗಟ್ಟಿ ಇರುತ್ತದೆ. ನೀವು ದುಡ್ಡು ಕೊಡಬೇಕಾದ್ದು ಆ ಕೆಲಸಕ್ಕೆ.

ಅಗ್ಗದ ಹೊಸ ಮರದ ಕ್ಲಾರಿನೆಟ್‌ಗಳ ಬಗ್ಗೆ ನನಗಿರುವ ತಕರಾರು ಇದೇ. ಮರ ನಿಜವಾದ ಮರವೇ ಇರಬಹುದು, ಕೆಲಸ ಇರೋದಿಲ್ಲ. ಕೀಗಳು ಎಷ್ಟು ಮೆತ್ತಗೆ ಅಂದರೆ ಜೋಡಿಸುವಾಗ ಸ್ವಲ್ಪ ಜೋರಾಗಿ ಹಿಡಿದರೂ ಬಗ್ಗುತ್ತವೆ. ಒಮ್ಮೆ ಬಗ್ಗಿದ ಮೇಲೆ ತೂತು ಮುಚ್ಚುವ ಮೆತ್ತೆ, ಅಂದರೆ ಪ್ಯಾಡ್, ಸರಿಯಾಗಿ ಕೂರೋದಿಲ್ಲ, ಇಂಥ ವಾದ್ಯವನ್ನು ರಿಪೇರಿಗೆ ತಗೊಳ್ಳಲು ಎಷ್ಟೋ ಜನ ಒಪ್ಪೋದೂ ಇಲ್ಲ. ಅಂಥದ್ದಕ್ಕಿಂತ ನಿಮ್ಮ ಹತ್ತಿರ ಈಗಿರುವ ಪ್ಲಾಸ್ಟಿಕ್ಕೇ ವಾಸಿ.

ಇನ್ನು ಮೌತ್‌ಪೀಸ್. ಕಲಿಯುವವರ ಕ್ಲಾರಿನೆಟ್ ಜೊತೆ ಬಂದ ಮೌತ್‌ಪೀಸನ್ನೇ ಇನ್ನೂ ಇಟ್ಟುಕೊಂಡಿದ್ದರೆ ಮೊದಲು ಅದನ್ನು ಬದಲಾಯಿಸಿ. ನಾದ ಬದಲಾಗೋದು ಮುಖ್ಯವಾಗಿ ಅಲ್ಲೇ, ಖರ್ಚೂ ಮರದ ಕ್ಲಾರಿನೆಟ್‌ಗೆ ಹೋಲಿಸಿದರೆ ಚೂರು. ವ್ಯಾಂಡೋರೆನ್ ಕಂಪನಿಯ ಬಿ45, 5ಆರ್‌ವಿ ಲೈರ್, ಎಂ30 ಇವೆಲ್ಲ ತುಂಬಾ ಜನ ಬಳಸುವಂಥವು. ಬಿ45ರ ತುದಿಯಲ್ಲಿ ರೀಡ್‌ಗೂ ಮೌತ್‌ಪೀಸ್‌ಗೂ ನಡುವೆ ಹೆಚ್ಚುಕಡಿಮೆ 1.2 ಮಿಲಿಮೀಟರ್ ಸಂದಿ, 5ಆರ್‌ವಿ ಲೈರ್‌ನಲ್ಲಿ ಅದಕ್ಕಿಂತ ಕಿರಿದು. ಸಂದಿ ದೊಡ್ಡದಾದಷ್ಟೂ ಸ್ವಲ್ಪ ಮೆತ್ತಗಿನ ರೀಡ್ ಬೇಕಾಗುತ್ತದೆ. ಅದಕ್ಕೇ ಮೌತ್‌ಪೀಸ್ ಬದಲಾಯಿಸಿದ ದಿನವೇ "ಅಯ್ಯೋ ಸರಿಯಿಲ್ಲ" ಅಂದುಬಿಡಬೇಡಿ, ಎರಡೂವರೆ ಮತ್ತು ಮೂರು ನಂಬರಿನ ರೀಡ್ ಎರಡನ್ನೂ ಹಾಕಿ ನೋಡಿ. ಹೊಸ ಮೌತ್‌ಪೀಸಿನಲ್ಲಿ ಒಂದೆರಡು ತಿಂಗಳು ನುಡಿಸಿದ ಮೇಲೂ ವಾದ್ಯವೇ ಅಡ್ಡ ಬರುತ್ತಿದೆ ಅನ್ನಿಸಿದರೆ ಆಗ ಮರದ್ದಕ್ಕೆ ಹೋಗಿ. ನಿಮ್ಮ ಮೇಷ್ಟ್ರು ಇದಕ್ಕೆ ಒಪ್ಪುತ್ತಾರೆ ಅಂದುಕೊಂಡಿದ್ದೇನೆ.

ಈಗ ಯಾವುದನ್ನು ಹುಡುಕಬೇಕು ಅನ್ನೋ ವಿಷಯ. ಈ ಮಟ್ಟಕ್ಕೆ ಅಂತಲೇ ಮಾಡಿದ ಮರದ ಮಾದರಿಗಳಲ್ಲಿ ಯಮಹಾದ ವೈಸಿಎಲ್-450, ಬುಫೆ ಕ್ರಾಂಪನ್‌ನ ಇ11, ಇ12ಎಫ್, ಇ13 ಇವು ಸೆಕೆಂಡ್ ಹ್ಯಾಂಡ್‌ನಲ್ಲಿ ಆಗಾಗ ಕಾಣುತ್ತವೆ. ಕೈಗೆ ಸಿಕ್ಕರೆ ವೈಸಿಎಲ್-650 ಇನ್ನೂ ಒಂದು ಮೆಟ್ಟಿಲು ಮೇಲೆ. ಇನ್ನೂ ಹಳೆಯದಕ್ಕೆ ಹೋದರೆ ಲೆಬ್ಲಾಂಕ್‌ನವರ ನೋಬ್ಲೆ, ಸೆಲ್ಮರ್‌ನ ಸಿಗ್ನೆಟ್, ಬುಫೆಯವರದೇ ಎರಡನೇ ಸಾಲಿನ ಎವೆಟ್ ಅಂಡ್ ಶಾಫರ್. ಇವುಗಳ ಹೆಸರಿಗೆ ಈಗ ಮೆರುಗಿಲ್ಲ, ಹಾಗಾಗಿ ಬೆಲೆ ಇಳಿದಿರುತ್ತದೆ, ಒಳಗಿನ ಮರ ಮಾತ್ರ ಅದೇ ಹಳೇ ಗಟ್ಟಿ ಗ್ರೆನಡಿಲ್ಲಾ. ನನ್ನನ್ನು ಕೇಳಿದರೆ ಚೆನ್ನಾಗಿ ಸರಿಮಾಡಿಸಿದ ನೋಬ್ಲೆ ಒಂದು ಸಿಕ್ಕರೆ ಕಣ್ಣುಮುಚ್ಚಿ ತಗೊಳ್ಳಿ. ಬುಫೆಯ ಆರ್13 ತುಂಬಾ ಅಗ್ಗಕ್ಕೆ ಇದೆ ಅಂತ ಯಾರಾದರೂ ಹೇಳಿದರೆ ಮಾತ್ರ ಕಣ್ಣು ಬಿಟ್ಟು ನೋಡಿ, 1950ರ ದಶಕದಿಂದ ದೊಡ್ಡ ದೊಡ್ಡ ವಾದಕರು ನುಡಿಸುತ್ತಿರುವ ಮಾದರಿ ಅದು, ಕಾರಣವಿಲ್ಲದೆ ಅಗ್ಗ ಆಗೋದಿಲ್ಲ.

ಗ್ರೆನಡಿಲ್ಲಾವನ್ನು ಕೆಲವರು ಎಬೊನಿ ಅಂತಲೂ ಕರೆಯುತ್ತಾರೆ, ಅದು ತಪ್ಪು. ಅದು ಬೀಟೆ ಮರದ ಕುಲದ್ದು. ಟಾಂಜಾನಿಯಾ, ಮೊಜಾಂಬಿಕ್ ಕಡೆ ಬೆಳೆಯುತ್ತದೆ, ನೀರಿಗೆ ಹಾಕಿದರೆ ಮುಳುಗುವಷ್ಟು ಭಾರ. ಈ ಇಡೀ ಕುಲವನ್ನು 2017ರ ಜನವರಿಯಲ್ಲಿ ಸೈಟಿಸ್ ಅನ್ನುವ, ಅಪಾಯದಲ್ಲಿರುವ ಗಿಡ-ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿಸಿದಾಗ ಒಂದು ದೇಶದಿಂದ ಇನ್ನೊಂದಕ್ಕೆ ಕ್ಲಾರಿನೆಟ್ ಮಾರೋದೂ ಕಾಗದಪತ್ರದ ತಲೆನೋವಾಗಿತ್ತು. ಪೂರ್ತಿ ತಯಾರಾದ ವಾದ್ಯಗಳಿಗೆ, ಹಳೆಯದಿರಲಿ ಹೊಸದಿರಲಿ, 2019ರ ನವೆಂಬರ್‌ನಿಂದ ವಿನಾಯಿತಿ ಸಿಕ್ಕಿದೆ. ಹಳೇ ಲೇಖನ ಓದಿ ಗಾಬರಿಯಾಗಬೇಡಿ.

ಹಳೆಯದು ತಗೊಳ್ಳುವಾಗ ನಾನು ಒಮ್ಮೆ ಬೇಸ್ತು ಬಿದ್ದ ಕತೆ ಕೇಳಿ. ಪೆಟ್ಟಿಗೆ ತೆಗೆದರೆ ಕೀಗಳೆಲ್ಲ ಕನ್ನಡಿ ಥರ ಹೊಳೀತಿದ್ದವು, ಮರ ಕರ್ರಗೆ, ಬಿರುಕಿಲ್ಲ, ಪ್ಯಾಡ್ ಹೊಸದು. ಕೇಳಿದಷ್ಟು ಕೊಟ್ಟು ತಂದೆ. ಮನೆಗೆ ಬಂದು ಟ್ಯೂನರ್ ಇಟ್ಟರೆ ಮುಳ್ಳು ಬಲಗಡೆಗೇ ವಾಲಿಕೊಂಡಿದೆ, ಪ್ರತಿ ಸ್ವರವೂ ಮೇಲಕ್ಕೆ. ಸ್ವರ ಇಳಿಸೋದಕ್ಕೆ ಬ್ಯಾರೆಲ್, ಅಂದರೆ ಮೌತ್‌ಪೀಸಿನ ಕೆಳಗಿನ ಗಿಡ್ಡ ತುಂಡು, ಹೊರಕ್ಕೆ ಎಳೆದೆ, ಇನ್ನೂ ಎಳೆದೆ. ಒಂದು ಸ್ವರ ಸರಿಹೋದರೆ ಪಕ್ಕದ್ದು ಹಾಳಾಗುತ್ತಿತ್ತು. ಕೊನೆಗೆ ದೀಪದ ಕೆಳಗೆ ಹಿಡಿದು ನೋಡಿದರೆ ಕಂಪನಿಯ ಗುರುತಿನ ಕೆಳಗೆ ಸಣ್ಣ ಅಕ್ಷರದಲ್ಲಿ "ಎಚ್‌ಪಿ" ಅಂತ ಕೆತ್ತಿದೆ. ಹೈ ಪಿಚ್. ಸುಮಾರು ನೂರು ವರ್ಷದ ಹಿಂದೆ ಎ ಸ್ವರವನ್ನು 440 ಹರ್ಟ್ಸ್ ಬದಲು 452ರ ಆಸುಪಾಸಿಗೆ ಕೂರಿಸಿದ ವಾದ್ಯಗಳೂ ಇದ್ದವು. ಪಕ್ಕಪಕ್ಕದ ಎರಡು ಸ್ವರಗಳ ನಡುವಿನ ಅತಿ ಚಿಕ್ಕ ಅಂತರಕ್ಕೆ ಸೆಮಿಟೋನ್ ಅಂತಾರೆ, ಅದರ ಅರ್ಧದ ಹತ್ತಿರ ವ್ಯತ್ಯಾಸ. ತೂತುಗಳೇ ಬೇರೆ ಜಾಗದಲ್ಲಿರುವಾಗ ಬ್ಯಾರೆಲ್ ಎಳೆದು ಏನು ಪ್ರಯೋಜನ? ಅದು ಈಗ ನನ್ನ ಗೋಡೆಯ ಮೇಲೆ ಚೆನ್ನಾಗಿ ಕಾಣುತ್ತದೆ.

ಹಾಗೇ ಬೆರಳಿಡುವ ತೂತುಗಳ ಸುತ್ತ ಇರುವ ಲೋಹದ ಉಂಗುರ ಎಣಿಸಿ. ಈಗ ಹೆಚ್ಚಿನವರು ನುಡಿಸುವ ಬೋಮ್ ಪದ್ಧತಿಯಲ್ಲಿ 17 ಕೀ, 6 ಉಂಗುರ. ಉಂಗುರ ಅದಕ್ಕಿಂತ ಕಡಿಮೆ ಇದ್ದರೆ ಆಲ್ಬರ್ಟ್ ಥರದ ಹಳೇ ಪದ್ಧತಿ ಇರಬಹುದು, ಬೆರಳಿಡುವ ಕ್ರಮವೇ ಬೇರೆ. ಬಿ ಫ್ಲ್ಯಾಟ್ ಬದಲು ಸ್ವಲ್ಪ ಉದ್ದದ ಎ ಕ್ಲಾರಿನೆಟ್ ಹಿಡಿದುಕೊಂಡು ಬಂದವರನ್ನೂ ನೋಡಿದ್ದೇನೆ. ಬೂಸೀ ಅಂಡ್ ಹಾಕ್ಸ್‌ನ 1010 ಸಿಕ್ಕರೆ ಅದರ ಬೋರ್ ದೊಡ್ಡದು, ನಿಮ್ಮ ಈಗಿನ ಮೌತ್‌ಪೀಸ್ ಅದಕ್ಕೆ ಹೊಂದೋದಿಲ್ಲ.

ಅದು ಮರವೇ ಅಂತ ಹೇಗೆ ಗೊತ್ತಾಗುತ್ತದೆ? ಬೆಲ್, ಅಂದರೆ ಕೆಳತುದಿಯ ಅಗಲ ಬಾಯಿಯ ಭಾಗ, ತೆಗೆದು ಒಳಗಡೆ ನೋಡಿ. ಹೊರಗೆ ಗೆರೆ ಎಳೆದು ಮರದ ಹಾಗೆ ಕಾಣಿಸುವ ಪ್ಲಾಸ್ಟಿಕ್ ಬೇಕಾದಷ್ಟಿವೆ, ಒಳಗೆ ಗೆರೆ ಎಳೆಯುವ ತೊಂದರೆಯನ್ನು ಯಾರೂ ತಗೊಳ್ಳೋದಿಲ್ಲ. ಕಪ್ಪು ಹೋಗಿ ಹಸಿರು-ಕಂದು ತಿರುಗಿದ್ದರೆ ಅದು ಗಟ್ಟಿ ರಬ್ಬರ್, ಮರ ಅಲ್ಲ.

ಕ್ಲಾರಿನೆಟ್‌ನ ಮೈ ಎರಡು ತುಂಡು, ಅಂದರೆ ಎರಡು ಜಾಯಿಂಟ್. ಬಿರುಕು ಹುಡುಕಬೇಕಾದ್ದು ಮುಖ್ಯವಾಗಿ ಮೇಲಿನ ಜಾಯಿಂಟ್‌ನಲ್ಲಿ. ಉಸಿರಿನ ಬಿಸಿ, ತೇವ ಎರಡೂ ಮೊದಲು ತಾಗೋದು ಅಲ್ಲಿಗೇ. ಓರೆಯಾಗಿ ಬೆಳಕು ಬಿಟ್ಟು ಮೇಲ್ತುದಿಯಿಂದ ಕೆಳಕ್ಕೆ ನಿಧಾನಕ್ಕೆ ನೋಡಿ, ಟ್ರಿಲ್ ಕೀಗಳ ತೂತಿನ ಸುತ್ತ ಇನ್ನೂ ನಿಧಾನಕ್ಕೆ. ಮರದ ನಾರಿನ ಗೆರೆಗೂ ಬಿರುಕಿಗೂ ವ್ಯತ್ಯಾಸ ಗೊತ್ತಾಗದಿದ್ದರೆ ಉಗುರಿನಿಂದ ಅಡ್ಡ ಸವರಿ, ಬಿರುಕಾದರೆ ಹೆಚ್ಚಾಗಿ ಉಗುರಿಗೆ ಸಿಗುತ್ತದೆ. ಹಳೇ ಬಿರುಕನ್ನು ಅಂಟು ಹಾಕಿ, ಪಿನ್ ಕೂರಿಸಿ ಸರಿಯಾಗಿ ಮುಚ್ಚಿದ್ದರೆ ನಾನು ಹೆದರೋದಿಲ್ಲ. ಅದನ್ನು ತೋರಿಸಿ ಬೆಲೆ ಇಳಿಸುತ್ತೇನೆ ಅಷ್ಟೇ. ತೂತಿನೊಳಗೇ ಹಾದುಹೋದ ಬಿರುಕಿದ್ದರೆ ಬೇಡ ಅನ್ನಿ. ಬುಫೆಯಂಥ ವಾದ್ಯದಲ್ಲಿ ಎರಡೂ ಜಾಯಿಂಟ್‌ಗಳ ಮೇಲೆ ಒಂದೇ ಸೀರಿಯಲ್ ನಂಬರ್ ಇರಬೇಕು. ಬೇರೆ ಬೇರೆ ಇದ್ದರೆ ಒಂದು ಭಾಗ ಒಡೆದು ಬೇರೆ ಹಾಕಿದ್ದಾರೆ ಅಂತ ಲೆಕ್ಕ.

ಆಮೇಲೆ ಗಾಳಿ ಸೋರುತ್ತಾ ನೋಡಬೇಕು. ಬ್ಯಾರೆಲ್ ತೆಗೆದಿಡಿ. ಮೇಲಿನ ಜಾಯಿಂಟ್‌ನ ಮೂರು ತೂತು ಮತ್ತು ಹಿಂದಿನ ಹೆಬ್ಬೆರಳ ತೂತನ್ನು ಎಡಗೈಯಲ್ಲಿ ಮುಚ್ಚಿ, ಕೆಳಗಿನ ಬಾಯಿಗೆ ಬಲ ಅಂಗೈ ಒತ್ತಿ, ಮೇಲ್ತುದಿಗೆ ಬಾಯಿಟ್ಟು ಗಾಳಿ ಎಳೆಯಿರಿ. ನಾಲ್ಕೈದು ಸೆಕೆಂಡ್ ಹಾಗೇ ತುಟಿಗೆ ಕಚ್ಚಿಕೊಂಡಿರಬೇಕು, ಅಂಗೈ ತೆಗೆದರೆ "ಟಪ್" ಅನ್ನಬೇಕು. ಕೆಳಗಿನ ಜಾಯಿಂಟ್‌ಗೂ ಇದೇ, ತೀರ ಕೆಳಗಿನ ಇ ಸ್ವರಕ್ಕೆ ಬೆರಳಿಡುವ ಹಾಗೆ ಮುಚ್ಚಿಕೊಂಡು ಎಳೆಯಿರಿ. ಎಳೆದ ತಕ್ಷಣ ಗಾಳಿ ಬಂದುಬಿಟ್ಟರೆ ಪ್ಯಾಡ್ ಹೋಗಿದೆ. ಅದೇನೂ ಪ್ರಳಯ ಅಲ್ಲ, ಆದರೆ ಎಲ್ಲಾ ಪ್ಯಾಡ್ ಬದಲಾಯಿಸೋದು ದೊಡ್ಡ ಖರ್ಚು, ಅಗ್ಗಕ್ಕೆ ಸಿಕ್ಕ ವಾದ್ಯದ ಬೆಲೆಯನ್ನೇ ಮುಟ್ಟಬಹುದು. ಅದಕ್ಕೇ ಇರುವ ದುಡ್ಡೆಲ್ಲ ವಾದ್ಯಕ್ಕೇ ಸುರಿಯಬೇಡಿ, ರಿಪೇರಿಗೆ ಅಂತ ಒಂದು ಪಾಲು ಮೊದಲೇ ಎತ್ತಿಡಿ. ಕೀಗಳನ್ನು ಅಕ್ಕಪಕ್ಕ ಅಲ್ಲಾಡಿಸಿಯೂ ನೋಡಿ, ಲಟಪಟ ಅಂತಿದ್ದರೆ ಸವೆದಿವೆ. ನಿಕ್ಕಲ್ ಲೇಪವಾ ಬೆಳ್ಳಿ ಲೇಪವಾ ಅನ್ನೋದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ನುಡಿಸಿ ನೋಡುವಾಗ ನಿಮ್ಮದೇ ಮೌತ್‌ಪೀಸ್, ನಿಮ್ಮದೇ ಪಳಗಿದ ರೀಡ್. ಹತ್ತು ನಿಮಿಷ ಬೆಚ್ಚಗಾಗುವ ತನಕ ಟ್ಯೂನರ್ ತೆಗೆಯಲೇಬೇಡಿ. ಆಮೇಲೂ ಅದನ್ನು ನೋಡುತ್ತಾ ನುಡಿಸಬೇಡಿ, ನಮಗೇ ಗೊತ್ತಾಗದೆ ತುಟಿ ಮುಳ್ಳನ್ನು ಸರಿಮಾಡಿಬಿಡುತ್ತದೆ. ಕಣ್ಣು ಮುಚ್ಚಿ ಸ್ವರ ಹಿಡಿಯಿರಿ, ಸ್ಥಿರವಾದ ಮೇಲೆ ಕಣ್ಣು ಬಿಡಿ. ಕೆಳಗಿನ ಸ್ವರ ಹಿಡಿದು, ಬೆರಳು ಹಾಗೇ ಇಟ್ಟು ರಿಜಿಸ್ಟರ್ ಕೀ ಒತ್ತಿದರೆ ಕ್ಲಾರಿನೆಟ್ ಹನ್ನೆರಡನೇ ಸ್ವರಕ್ಕೆ ಹಾರುತ್ತದೆ, ಕೊಳಲಿನ ಹಾಗೆ ಎಂಟನೆಯದಕ್ಕಲ್ಲ. ಈ ಎರಡರ ನಡುವಿನ ಅಂತರ ಸರಿ ಇದೆಯಾ ಅನ್ನೋದರಲ್ಲೇ ಬೋರ್ ಕೊರೆದವನ ಕೈ ಗೊತ್ತಾಗೋದು. ಕೆಳಗಿನದು ಸರಿ ಇದ್ದು ಮೇಲಿನದು 10 ಸೆಂಟ್ (ಸೆಮಿಟೋನ್‌ನ ನೂರನೇ ಒಂದು ಪಾಲು ಅಂದರೆ ಒಂದು ಸೆಂಟ್) ಆಚೀಚೆ ಆದರೆ ನಾನು ಒಪ್ಪಿಕೊಳ್ಳುತ್ತೇನೆ. 20 ದಾಟಿದರೆ ಪೆಟ್ಟಿಗೆ ಮುಚ್ಚುತ್ತೇನೆ. ನಡುವಿನ ಎ, ಬಿ ಫ್ಲ್ಯಾಟ್ ಸ್ವರಗಳು ಸ್ವಲ್ಪ ಮಂಕಾಗಿ ಕೇಳಿಸಿದರೆ ಬೇಜಾರಾಗಬೇಡಿ, ಅದು ಎಲ್ಲಾ ಕ್ಲಾರಿನೆಟ್‌ಗಳ ಹಣೆಬರಹ. ಅಲ್ಲಿಂದ ಎಲ್ಲಾ ಬೆರಳು ಮುಚ್ಚುವ ಬಿ ಸ್ವರಕ್ಕೆ ಮೆಲ್ಲಗೆ ದಾಟಿ. ತಡವರಿಸದೆ, ಕಿರುಚದೆ ಬಂತಾ? ಬಂದರೆ ಪ್ಯಾಡ್‌ಗಳೂ ಸರಿ ಇವೆ ಅಂತ ಧೈರ್ಯವಾಗಿ ಹೇಳಬಹುದು.

ಮಳೆಯಲ್ಲಿ, ಚಳಿಯಲ್ಲಿ, ಬಯಲಿನಲ್ಲಿ ನುಡಿಸುವವರಾದರೆ ಮಾತ್ರ ನಾನು ಬೇರೆ ಹೇಳುತ್ತೇನೆ. ಪ್ಲಾಸ್ಟಿಕ್ ಮಾರಬೇಡಿ, ಅದು ಹೊರಗೆ ನುಡಿಸೋದಕ್ಕೆ ಇರಲಿ. ಮರ ಒಳಗೆ ಬಿಸಿಯಾಗಿ ಉಬ್ಬಿ ಹೊರಗೆ ತಣ್ಣಗೇ ಉಳಿದಾಗಲೇ ಸೀಳೋದು. ತಣ್ಣಗಿರುವ ವಾದ್ಯಕ್ಕೆ ಬಿಸಿ ಉಸಿರು ಊದಿ ಬೆಚ್ಚಗೆ ಮಾಡೋದು ಎಷ್ಟೋ ಜನರ ಅಭ್ಯಾಸ, ಅದೇ ತಪ್ಪು. ಮೇಲಿನ ಜಾಯಿಂಟನ್ನು ಐದು ನಿಮಿಷ ಕಂಕುಳಲ್ಲಿ ಇಟ್ಟುಕೊಳ್ಳಿ, ಹೊರಗಿನಿಂದ ಬೆಚ್ಚಗಾಗಲಿ.

ಹಳೇ ವಾದ್ಯ ಆಗಲೇ ಪಳಗಿದೆ ಅಂತ ಮೊದಲ ದಿನವೇ ಎರಡು ಗಂಟೆ ಊದಬೇಡಿ. ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಮಲಗಿದ್ದ ಮರ ಹೊಸದಕ್ಕೆ ಸಮ. ಮೊದಲ ವಾರ ದಿನಕ್ಕೆ 15-20 ನಿಮಿಷ, ಆಮೇಲೆ ಸ್ವಲ್ಪ ಸ್ವಲ್ಪ ಜಾಸ್ತಿ. ನುಡಿಸಿದ ಕೂಡಲೇ ಬಟ್ಟೆ ಎಳೆದು ಒಳಗೆ ಒರೆಸಿ, ಜಾಯಿಂಟ್ ಕೂಡುವ ಕಡೆಯ ತೇವವನ್ನೂ ಬಿಡಬೇಡಿ. ಉಳಿದ ಹೊತ್ತು ಅಭ್ಯಾಸಕ್ಕೆ ಹೇಗೂ ಪ್ಲಾಸ್ಟಿಕ್ ಇದೆಯಲ್ಲ.