ಎರಡು ಹೆಜ್ಜೆ ಹಿಂದೆ ನಿಲ್ಲಿ

ಕಾಫಿ ಗಿಡ ಹೂಬಿಡಲು ಬೇಕಾದ ಹೂ ಮಳೆ ಬಿದ್ದು ಎಂಟು ಹತ್ತು ದಿನ ಕಳೆದರೆ ಕೊಡಗಿನ ರೊಬಸ್ಟಾ ಕಾಫಿ ತೋಟಗಳು ಬೆಳ್ಳಗಾಗುತ್ತವೆ. ನನ್ನ ಮೊಬೈಲ್ ಚಿತ್ರಗಳಿಂದ ತುಂಬುತ್ತದೆ. ಕಳುಹಿಸುವವರು ಬಹುಪಾಲು ನನ್ನ ಬಳಿ ಛಾಯಾಗ್ರಹಣ ಕಲಿಯಲು ಬಂದವರು. ಚಿತ್ರಗಳೂ ಹೆಚ್ಚುಕಡಿಮೆ ಒಂದೇ ಬಗೆ: ಒಂದು ಎಸಳು ಚೊಕ್ಕವಾಗಿದೆ, ಉಳಿದದ್ದೆಲ್ಲ ಹಾಲು ಚೆಲ್ಲಿದ ಹಾಗೆ. ಕೆಳಗೊಂದು ಸಾಲು: "ಸರ್, ಬ್ಲರ್ ಹೇಗೆ ಬಂದಿದೆ?" ಬ್ಲರ್ ಬಂದಿದೆ, ಹೂ ಬಂದಿಲ್ಲ ಎಂದು ಒಬ್ಬೊಬ್ಬರಿಗೂ ಬರೆದು ಸಾಕಾಗಿದೆ. ಹಾಗಾಗಿ ಒಮ್ಮೆ ಬಿಡಿಸಿ ಹೇಳುತ್ತೇನೆ.

ಎಫ್ ಸಂಖ್ಯೆ ಇಳಿದಷ್ಟೂ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ರಂಧ್ರ, ಹಿಗ್ಗುತ್ತದೆ; ಸ್ಪಷ್ಟತೆಯ ಆಳ, ಅಂದರೆ ಹಿಂದೆ ಮುಂದೆ ಎಷ್ಟು ದೂರ ಚೊಕ್ಕವಾಗಿ ಕಾಣುತ್ತದೆ ಎಂಬುದು, ಕುಗ್ಗುತ್ತದೆ. ಇಷ್ಟು ಎಲ್ಲರಿಗೂ ಬಾಯಿಪಾಠ. ಮನಸ್ಸಿಗೆ ಇಳಿಯದಿರುವುದು ದೂರದ ಮಾತು. ನಿಮ್ಮ 50 ಮಿ.ಮೀ. ಲೆನ್ಸನ್ನು ಎಫ್ 1.8ರಲ್ಲೇ ಬಿಡಿ, ಮುಟ್ಟಬೇಡಿ. 1 ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಕಾಣುವುದು ಸುಮಾರು 4 ಸೆಂ.ಮೀ. ಆಳ. 2 ಮೀಟರಿಗೆ ಸರಿದರೆ 17 ಸೆಂ.ಮೀ. 4 ಮೀಟರಿಗೆ ಸರಿದರೆ 70 ಸೆಂ.ಮೀ. ಆಸುಪಾಸು. ದೂರ ಇಮ್ಮಡಿಯಾದಾಗ ಆಳ ನಾಲ್ಮಡಿ. ಎಫ್ ಸಂಖ್ಯೆಯನ್ನು ಇಮ್ಮಡಿ ಮಾಡಿದರೆ ಆಳವೂ ಇಮ್ಮಡಿ ಮಾತ್ರ, ಅದಕ್ಕೂ ನಾಲ್ಕರಲ್ಲಿ ಮೂರು ಪಾಲು ಬೆಳಕು ತೆರಬೇಕು. ಹೆಜ್ಜೆಗೆ ಬೆಳಕಿನ ಖರ್ಚಿಲ್ಲ.

ಹಿಂದೆ ಸರಿದರೆ ಹೂ ಚಿಕ್ಕದಾಗುತ್ತದಲ್ಲ ಎಂದು ಕೇಳುತ್ತಾರೆ. ಆಗುತ್ತದೆ. ಆಮೇಲೆ ಅಂಚು ಕತ್ತರಿಸಿ ದೊಡ್ಡದು ಮಾಡಿದರೆ ಗಳಿಸಿದ ನಾಲ್ಮಡಿ ಆಳ ಇಮ್ಮಡಿಗೆ ಇಳಿಯುತ್ತದೆ. ಆದರೂ ಇಮ್ಮಡಿ ಉಳಿಯಿತಲ್ಲ! ಈ ಲೆಕ್ಕವೆಲ್ಲ ಫುಲ್ ಫ್ರೇಮ್ ಕ್ಯಾಮೆರಾದ್ದು, ಅಂದರೆ ಚಿತ್ರ ಮೂಡುವ ಸೆನ್ಸರ್ 35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡದಿರುವ ಕ್ಯಾಮೆರಾದ್ದು; ಸಾಧಾರಣ ಗಾತ್ರದ ಪ್ರಿಂಟನ್ನು ಕೈಯಳತೆಯಲ್ಲಿ ಹಿಡಿದು ನೋಡುವವರಿಗೆ ಹಾಕಿದ್ದು. ಪರದೆಯ ಮೇಲೆ ಹಿಗ್ಗಿಸಿ ನೋಡಿದರೆ ಆಳ ಇನ್ನೂ ಕಡಿಮೆ ಎನಿಸುತ್ತದೆ, ಆದ್ದರಿಂದ ಅಂದಾಜು ಎಂದೇ ಇಟ್ಟುಕೊಳ್ಳಿ.

ಮ್ಯಾಕ್ರೋ ಲೆನ್ಸ್ ಹಿಡಿದು ಹೂವಿನ ಮೂಗಿಗೆ ಮೂಗು ತಾಗಿಸುವವರಿಗೆ ಒಂದು ಮಾತು. ಹೂವಿನ ನಿಜ ಗಾತ್ರವೇ ಸೆನ್ಸರಿನ ಮೇಲೆ ಮೂಡುವಷ್ಟು ಹತ್ತಿರ ಹೋದರೆ ಎಫ್ 2.8ರಲ್ಲಿ ಸಿಗುವುದು ಒಂದು ಮಿಲಿಮೀಟರಿನ ಮೂರನೇ ಒಂದು ಪಾಲು. ಎಫ್ 16ಕ್ಕೆ ಮುಚ್ಚಿದರೂ 2 ಮಿ.ಮೀ. ದಾಟುವುದಿಲ್ಲ. ರಂಧ್ರವನ್ನು ಅದಕ್ಕೂ ಹೆಚ್ಚು ಮುಚ್ಚಿದರೆ ಬೆಳಕು ಸಣ್ಣ ರಂಧ್ರದ ಅಂಚಿನಲ್ಲಿ ಚದುರಿ ಇಡೀ ಚಿತ್ರ ಮೆತ್ತಗಾಗುತ್ತದೆ. ಗಾಳಿಗೆ ರೆಂಬೆ ಒಮ್ಮೆ ತೂಗಿದರೆ ಅದೂ ಇಲ್ಲ.

ಮನುಷ್ಯರ ಚಿತ್ರದಲ್ಲಿ ಈ ತಪ್ಪು ನನಗೆ ಹೆಚ್ಚು ನೋವು ಕೊಡುತ್ತದೆ. ಕೊಡವ ಕುಟುಂಬದ ಮೂಲಮನೆಯಾದ ಐನ್‌ಮನೆಯೊಂದರಲ್ಲಿ ಮದುವೆ. ಕಯ್ಯಾಲೆಯ, ಅಂದರೆ ಜಗಲಿಯ, ಐಮರದ ಹಲಗೆಯ ಮೇಲೆ ಅಜ್ಜ ಅಜ್ಜಿ ಕುಳಿತಿದ್ದರು, ಹಿಂದೆ ಮಕ್ಕಳು ಸೊಸೆಯಂದಿರು ಐವರು. ಹೊಸದಾಗಿ ವೃತ್ತಿಗೆ ಬಂದ ಹುಡುಗ 85 ಮಿ.ಮೀ. ಲೆನ್ಸಿನಲ್ಲಿ, ಎಫ್ 1.8ರಲ್ಲಿ, 5 ಮೀಟರ್ ದೂರದಿಂದ ಅಜ್ಜಿಯ ಕಣ್ಣಿಗೆ ಫೋಕಸ್ ಹಿಡಿದಿದ್ದ. ಅಲ್ಲಿಂದ ಹಿಂದಕ್ಕೆ ಸ್ಪಷ್ಟವಾಗಿರುವುದು 19 ಸೆಂ.ಮೀ. ಮಾತ್ರ. ಕೊಡವರ ನಿಲುವಂಗಿ ಕುಪ್ಯ ತೊಟ್ಟು, ನಡುಪಟ್ಟಿ ಚೇಲೆ ಕಟ್ಟಿಕೊಂಡು ಅಷ್ಟು ಚೆಂದವಾಗಿ ನಿಂತಿದ್ದ ಗಂಡುಮಕ್ಕಳ ಮುಖಗಳೆಲ್ಲ ಮಂಜು. ಎಫ್ 8ಕ್ಕೆ ಹೋಗಿದ್ದರೆ ಹಿಂದಕ್ಕೆ ಸುಮಾರು 1 ಮೀಟರ್ ಸಿಗುತ್ತಿತ್ತು. ಬೆಳಕು 20 ಪಟ್ಟು ಕಡಿಮೆಯಾಗುತ್ತದೆ, ನಿಜ. ಮಳೆಗಾಲದ ಕಯ್ಯಾಲೆಯಲ್ಲಿ ಅದು ಸಣ್ಣ ತೊಂದರೆಯಲ್ಲ. ಆದರೆ ಐಎಸ್‌ಒ, ಅಂದರೆ ಕ್ಯಾಮೆರಾ ಸಿಕ್ಕ ಬೆಳಕನ್ನು ಹಿಗ್ಗಿಸಿಕೊಳ್ಳುವ ಮಟ್ಟ, ಏರಿಸಿ. ಚಿತ್ರ ಸ್ವಲ್ಪ ಒರಟಾದರೆ ಯಾರೂ ದೂರುವುದಿಲ್ಲ, ಮಗನ ಮುಖ ಕಾಣದಿದ್ದರೆ ತಾಯಿ ದೂರುತ್ತಾಳೆ. ಹಿಂದಿನ ಸಾಲಿನವರನ್ನು ಐಮರಕ್ಕೆ ತಾಗಿ ನಿಲ್ಲಿಸಿದ್ದರೂ ಅರ್ಧ ಕೆಲಸ ಆಗುತ್ತಿತ್ತು. ಆ ಹುಡುಗನನ್ನು ನಾನು ಬೈಯಲಿಲ್ಲ. ದುಬಾರಿ ಲೆನ್ಸ್ ಕೊಂಡ ಮೇಲೆ ಅದರ ಅತಿ ಚಿಕ್ಕ ಎಫ್ ಸಂಖ್ಯೆಯಲ್ಲೇ ತೆಗೆಯಬೇಕು ಎಂದು ಅವನಿಗೆ ಯಾರೋ ಹೇಳಿಕೊಟ್ಟಿದ್ದರು.

ಹಿನ್ನೆಲೆ ಕರಗಬೇಕೆಂಬ ಆಸೆ ತಪ್ಪಲ್ಲ. ಆದರೆ ಮದುಮಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಗೋಡೆ ಕರಗಲಿ ಎಂದರೆ ಯಾವ ಲೆನ್ಸಿನಿಂದಲೂ ಆಗದು. ಅವಳನ್ನು ಅಂಗಳದ ನಡುವಿಗೆ ಕರೆತನ್ನಿ. ಹಿಂದೆ ಇಪ್ಪತ್ತು ಮೀಟರ್ ಆಚೆ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಗಳಿರಲಿ. ಎಫ್ 4ರಲ್ಲೂ ಅವು ಹಸಿರು ನೀರಿನಂತಾಗುತ್ತವೆ, ಅವಳ ತಲೆಯ ವಸ್ತ್ರದ ಅಂಚೂ ಉಳಿಯುತ್ತದೆ. ಮೊಬೈಲಿನ ಪೋರ್ಟ್ರೇಟ್ ಮೋಡ್ ಈ ಅಂಚನ್ನೇ ಹಲವು ಸಲ ನುಂಗುತ್ತದೆ, ಏಕೆಂದರೆ ಅಲ್ಲಿ ಮಸುಕು ಮಾಡುವುದು ಲೆನ್ಸಲ್ಲ, ಲೆಕ್ಕಾಚಾರ.

ಬೆಟ್ಟಸಾಲು ತೆಗೆಯಲು ಮಾಂದಲ್‌ಪಟ್ಟಿಗೆ ಹೋಗುವವರು ಎಫ್ 22ರ ಆಸೆ ಬಿಡಿ. 24 ಮಿ.ಮೀ. ಲೆನ್ಸಿಗೆ ಎಫ್ 8 ಇಟ್ಟು ಎರಡೂವರೆ ಮೀಟರ್ ದೂರದ ಹುಲ್ಲಿಗೆ ಫೋಕಸ್ ಮಾಡಿದರೆ ಕಾಲಬುಡದಿಂದ ಸುಮಾರು ಒಂದೂಕಾಲು ಮೀಟರ್ ಆಚೆ ಶುರುವಾಗಿ ಕೊನೆಯ ಬೆಟ್ಟದವರೆಗೂ ಸಿಗುತ್ತದೆ.

ಮತ್ತೆ ಹೂವಿಗೆ ಬರುತ್ತೇನೆ. ಪೊನ್ನಂಪೇಟೆ ಕಡೆಯ ಹುಡುಗಿಯೊಬ್ಬಳು ಕಾಲುನೋವಿನಿಂದ ತೋಟಕ್ಕೆ ಇಳಿಯಲಾಗದ ತನ್ನ ಅಜ್ಜನಿಗೆ ತೋರಿಸಲೆಂದೇ ಹೂವಿನ ಚಿತ್ರ ತೆಗೆಯುತ್ತಿದ್ದಳು. ಅಜ್ಜ ನೋಡಿ, "ಚೆಂದ ಇದೆ ಮಗಳೇ, ರೆಂಬೆಯ ತುದಿಯವರೆಗೂ ಹೂ ಬಂದಿದೆಯಾ?" ಎಂದು ಕೇಳಿದರಂತೆ. ಚಿತ್ರದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಮರುವರ್ಷ ಅವಳು ಎರಡು ಹೆಜ್ಜೆ ಹಿಂದೆ ನಿಂತು, ರೆಂಬೆ ಕ್ಯಾಮೆರಾಕ್ಕೆ ಅಡ್ಡಲಾಗಿ ಬರುವಂತೆ ನೋಡಿಕೊಂಡು ಎಫ್ 8ರಲ್ಲಿ ತೆಗೆದಳು. ನನಗೂ ಒಂದು ಪ್ರತಿ ಕಳುಹಿಸಿದ್ದಾಳೆ. ಅಜ್ಜ ಕನ್ನಡಕ ಹಾಕಿಕೊಂಡು ಒಂದೊಂದೇ ಗೆಣ್ಣಿನ ಮೇಲೆ ಬೆರಳಿಟ್ಟು, ತುದಿಯವರೆಗೂ ಎಣಿಸಿದರಂತೆ.